ರಾಣಿಮೊಟ್ಟೆ ಚಿವುಟಲು ಬಿಡುವೆಲ್ಲಿ?

ಜೇನು ಸಾಕಣೆಯ ಕೈಪಿಡಿಗಳು ಒಂದೇ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಬರೆದಂತಿರುತ್ತವೆ. ಮುಚ್ಚಳ ತೆಗೆಯಿರಿ, ಎರಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ರಾಣಿಮೊಟ್ಟೆ, ಅಂದರೆ ಹೊಸ ರಾಣಿ ಬೆಳೆಯುವ ಕೋಶ, ಕಂಡರೆ ಚಿವುಟಿ ಹಾಕಿ, ವಾರ ಬಿಟ್ಟು ಮತ್ತೆ ನೋಡಿ. ಅಂಗಳದಲ್ಲಿ ಎರಡು ಪೆಟ್ಟಿಗೆ ಇದ್ದವರಿಗೆ ಇದು ಸರಿ. ತೋಟದ ಉದ್ದಕ್ಕೂ ನಲವತ್ತು ಪೆಟ್ಟಿಗೆ ಇಟ್ಟವರು ಏನು ಮಾಡಬೇಕು? ನಮ್ಮ ಮಲೆನಾಡು, ಕರಾವಳಿಯಲ್ಲಿ ತುಡುವೆ ಜೇನು ಪಾಲಾಗುವುದು, ಅಂದರೆ ಸಂಸಾರ ಒಡೆದು ಒಂದು ಹಿಸ್ಸೆ ಹಾರಿಹೋಗುವುದು, ಮಳೆ ಬಿಟ್ಟ ಮೇಲೆ, ಹೆಚ್ಚುಕಮ್ಮಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಡಿಕೆ ಕೊಯ್ಲು, ಸುಲಿತ ಮೈಮೇಲೆ ಬರುವುದೂ ಆಗಲೇ. ಹಾಗಾಗಿ ಹಿಸ್ಸೆ ನಿಭಾಯಿಸುವ ಯಾವ ಪದ್ಧತಿಯನ್ನಾದರೂ ಒಂದೇ ಒರೆಗಲ್ಲಿಗೆ ಹಚ್ಚಬೇಕು: ಒಂದು ವಾರ ಪೆಟ್ಟಿಗೆಯತ್ತ ಹೋಗಲಾಗದಿದ್ದರೆ ಏನಾಗುತ್ತದೆ?

ಚಿವುಟುವ ಪದ್ಧತಿ ಇಲ್ಲಿ ನಿಲ್ಲುವುದಿಲ್ಲ. ರಾಣಿಕೋಶದಲ್ಲಿ ಮೊಟ್ಟೆ ಮೂರು ದಿನ, ಮರಿಹುಳು ಸುಮಾರು ಐದು ದಿನ. ಎಂಟನೆಯ ದಿನದ ಹೊತ್ತಿಗೆ ಕೋಶದ ಬಾಯಿ ಮುಚ್ಚುತ್ತದೆ. ಹವೆ ಚೆನ್ನಾಗಿದ್ದರೆ ಆ ಹೊತ್ತಿಗೇ ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಡುತ್ತಾಳೆ. ವಾರಕ್ಕೊಮ್ಮೆ ನೋಡಬೇಕೆಂಬ ಲೆಕ್ಕ ಬಂದದ್ದು ಇದರಿಂದ. ಆದರೆ ಎಲ್ಲವನ್ನೂ ಚಿವುಟಿದ ಮೇಲೆ ನೊಣಗಳು ಎಳೆಯ ಮರಿಹುಳುವನ್ನೇ ರಾಣಿಯಾಗಿಸಲು ಹೊರಟರೆ ನಾಲ್ಕೈದು ದಿನಕ್ಕೆ ಹೊಸ ಕೋಶ ಮುಚ್ಚುತ್ತದೆ; ವಾರದ ಲೆಕ್ಕ ಅಲ್ಲಿಗೇ ಕೆಟ್ಟಿತು. ಎರಿಯ ಕೆಳಅಂಚಿನಲ್ಲಿ, ನೊಣಗಳ ಗುಂಪಿನ ಮರೆಯಲ್ಲಿ ಒಂದು ಕೋಶ ಉಳಿದರೂ ಅಷ್ಟೇ. ಹಿಸ್ಸೆ ಆಗಲೇ ಹಾರಿದ್ದು ತಿಳಿಯದೆ, ಎಳೆ ಮರಿಯೂ ಇಲ್ಲದ ಪೆಟ್ಟಿಗೆಯಲ್ಲಿ ಉಳಿದ ಕೋಶಗಳನ್ನೂ ತೆಗೆದರಂತೂ ಸಂಸಾರವೇ ಹಾಳು. ರಾಣಿಯಿಲ್ಲದ ತುಡುವೆಯಲ್ಲಿ ಕೆಲಸಗಾರ ನೊಣಗಳು ಬೇಗನೆ ಮೊಟ್ಟೆಯಿಡತೊಡಗುತ್ತವೆ, ಆ ಮೊಟ್ಟೆಗಳಿಂದ ಬರುವುದು ಬರೀ ಗಂಡುನೊಣ.

ಬಾಗಿಲಿಗೆ ರಾಣಿ ಗೇಟು ಕಟ್ಟುವುದು ಬಿಡುವಿಲ್ಲದವರ ಮೆಚ್ಚಿನ ಉಪಾಯ. ಒಂದೆರಡು ದಿನ ತಡೆಯಲು, ಹೊಸದಾಗಿ ಹಿಡಿದು ತಂದ ಸಂಸಾರವನ್ನು ನಿಲ್ಲಿಸಲು ಅದು ಒಳ್ಳೆಯ ಸಾಧನ. ಕಟ್ಟಿ ಮರೆತರೆ ಅದೇ ಕುತ್ತು. ಗಂಡುನೊಣಗಳು ಆ ಸೀಳಿನಲ್ಲಿ ತೂರಲಾರದೆ ಒಳಗೇ ಸಾಯುತ್ತವೆ, ಹೊಸ ರಾಣಿ ಹುಟ್ಟಿದರೂ ಕೂಡಲು ಹೊರಗೆ ಹಾರುವಂತಿಲ್ಲ. ಪಾಲಾಗುವ ತವಕ ಮಾತ್ರ ಇದ್ದ ಹಾಗೇ ಇರುತ್ತದೆ.

1892ರಲ್ಲಿ ಅಮೆರಿಕದ ಕೆಂಟಕಿಯ ಜಾರ್ಜ್ ಡೆಮರಿ ಬರೆದ ಉಪಾಯ ಇನ್ನಷ್ಟು ಜಾಣತನದ್ದು: ರಾಣಿಯನ್ನು ಕೆಳಗೆ ಖಾಲಿ ಎರಿಗಳ ನಡುವೆ ಬಿಟ್ಟು, ಮರಿಗಳಿರುವ ಎರಿಗಳನ್ನು ರಾಣಿತಡೆ ಜಾಲರಿಯ ಮೇಲಕ್ಕೆ ಏರಿಸುವುದು. ಸಂಸಾರ ಒಡೆಯದೆ ಜೇನು ಹೆಚ್ಚು ಸಿಗುತ್ತದೆ. ಆದರೆ ಇದು ದೊಡ್ಡ ಪೆಟ್ಟಿಗೆಯ ಮೆಲ್ಲಿಫೆರಾ ಜೇನಿಗೆ ಹೊಂದುವ ಕ್ರಮ. ಅಲ್ಲೂ ವಾರದ ಮೇಲೆ ಮೇಲಿನ ಕೋಣೆಯ ರಾಣಿಕೋಶಗಳನ್ನು ಹುಡುಕಿ ತೆಗೆಯುವ ಕೆಲಸ ತಪ್ಪದು.

ಉಳಿಯುವುದು, ತಾವಾಗಿ ಹಾರುವ ಮೊದಲೇ ನಾವೇ ಪಾಲು ಮಾಡುವುದು. ಹೊತ್ತು ತಿಳಿಯಲು ಪ್ರತಿ ಪೆಟ್ಟಿಗೆಯನ್ನೂ ಬಿಚ್ಚಬೇಕಿಲ್ಲ. ತುಡುವೆಯ ಗಂಡುನೊಣದ ಕೋಶಕ್ಕೆ ಗಟ್ಟಿಯಾದ, ಟೋಪಿಯಂಥ ಮುಚ್ಚಳವಿರುತ್ತದೆ, ಅದರ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಈ ಮುಚ್ಚಳಗಳು ತಳಹಲಗೆಯ ಮೇಲೋ ಬಾಗಿಲ ಮುಂದೋ ಉದುರಿ ಬಿದ್ದಿದ್ದರೆ ಆ ಸಂಸಾರ ಪಾಲಾಗುವ ದಾರಿಯಲ್ಲಿದೆ ಎಂದರ್ಥ; ಹೊಸ ರಾಣಿಯನ್ನು ಕೂಡಲು ಗಂಡುನೊಣಗಳೂ ಸಿದ್ಧವಾಗುತ್ತಿವೆ. ಬಲವಾದ ಪೆಟ್ಟಿಗೆಯ ಅರ್ಧ ಎರಿಗಳನ್ನು, ಮುಚ್ಚಿದ ಒಂದು ರಾಣಿಕೋಶದ ಸಮೇತ, ಹೊಸ ಪೆಟ್ಟಿಗೆಗೆ ಹಾಕಿ, ಎರಡನ್ನೂ ಹಳೆಯ ಜಾಗದ ಅಕ್ಕಪಕ್ಕ ಸರಿಸಿಟ್ಟರೆ ಹೊರಗಿಂದ ಬರುವ ನೊಣಗಳು ಹಂಚಿಹೋಗುತ್ತವೆ. ಹೊಸ ರಾಣಿ ಹೊರಬಂದು, ಕೂಡಿ, ಮೊಟ್ಟೆಯಿಡಲು ಎರಡು ಮೂರು ವಾರ ಬೇಕು. ಅಷ್ಟು ದಿನ ಅದನ್ನು ಮುಟ್ಟದಿರುವುದೇ ಮೇಲು. ಕೊಯ್ಲಿನವನಿಗೆ ಬೇಕಾದದ್ದೂ ಇದೇ.

ಆದರೂ ಈ ಪದ್ಧತಿಯನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ. ತಡವಾಗಿ ಪಾಲು ಮಾಡಿದರೆ ಹೂ ಬರುವ ಹೊತ್ತಿಗೆ ಎರಡೂ ಸಂಸಾರಗಳು ಬಡವಾಗಿರುತ್ತವೆ, ಮೇಣದ ಹುಳು, ಇರುವೆಗಳಿಗೆ ತುತ್ತಾಗುತ್ತವೆ. ಎಲ್ಲವನ್ನೂ ಪಾಲು ಮಾಡುತ್ತ ಹೋದರೆ ನಲವತ್ತು ಎಂಬತ್ತಾಗುತ್ತದೆ, ಬಿಡುವಿಲ್ಲದವನಿಗೆ ಇನ್ನಷ್ಟು ಕೆಲಸ. ಹೆಚ್ಚಾದದ್ದನ್ನು ಮಾರಬೇಕು, ಇಲ್ಲವೇ ಜೇನುಕಾಲಕ್ಕೆ ಮುಂಚೆ ನಡುವೆ ಪತ್ರಿಕೆಯ ಹಾಳೆ ಇಟ್ಟು ಮತ್ತೆ ಕೂಡಿಸಬೇಕು.

ಇವೆರಡಕ್ಕೂ ಉಪಾಯವಿದೆ. ಯಾರೂ ಮಾತಾಡದ ದೋಷ ಮೂರನೆಯದು. ಪಾಲು ಮಾಡುವವರು ಸಾಮಾನ್ಯವಾಗಿ ಯಾವ ಪೆಟ್ಟಿಗೆ ಮೊದಲು ರಾಣಿಕೋಶ ಕಟ್ಟುತ್ತದೋ ಅದರದ್ದನ್ನೇ ಎಲ್ಲೆಡೆ ಹಂಚುತ್ತಾರೆ. ನಾಲ್ಕು ಎರಿ ತುಂಬುವ ಮೊದಲೇ ಹಾರುವ ಸಂಸಾರದ ಬೀಜ ಇಡೀ ತೋಟಕ್ಕೆ ಹರಡುವುದು ಹೀಗೆ. ವರ್ಷ ಹೋದಂತೆ ತುಡುವೆ ಹೆಚ್ಚು ಹೆಚ್ಚು ಹಾರುತ್ತದೆ, ನಾವು ಹವೆಯನ್ನು ಬೈಯುತ್ತೇವೆ. ಎಂಟು ಎರಿ ತುಂಬಿಸಿಯೂ ಸುಮ್ಮನೆ ಕೂತ ಪೆಟ್ಟಿಗೆಗೆ ಸುಣ್ಣದ ಗುರುತು ಹಾಕಿ, ಅದರ ಮರಿಯಿಂದಲೇ ರಾಣಿ ಎಬ್ಬಿಸುವುದು ನಿಧಾನದ ಕೆಲಸ. ಫಲ ಕಾಣಲು ಕೆಲವು ವರ್ಷ ಬೇಕು.

ನನ್ನ ತೀರ್ಪು ಇಷ್ಟು. ಐದಾರು ಪೆಟ್ಟಿಗೆಯವರು ಚಿವುಟಿಕೊಂಡಿರಲಿ. ಅದಕ್ಕಿಂತ ಹೆಚ್ಚಿದ್ದವರು ದೀಪಾವಳಿಯ ಆಸುಪಾಸಿನಲ್ಲಿ ಬಲವಾದ ಸಂಸಾರಗಳನ್ನು ಪಾಲು ಮಾಡಿ, ಒಳ್ಳೆಯ ತಳಿಯ ರಾಣಿ ಕೊಟ್ಟು, ತೋಟದಂಚಿನಲ್ಲಿ ಮೇಣ ಸವರಿದ ಖಾಲಿ ಪೆಟ್ಟಿಗೆಗಳನ್ನು ತೂಗಿಬಿಡಲಿ. ಕೈತಪ್ಪಿ ಹಾರಿದ್ದರಲ್ಲಿ ಒಂದಷ್ಟು ಅಲ್ಲೇ ಬಂದು ಕೂರುತ್ತವೆ. ತರಬೇತಿ ಶಿಬಿರಗಳು ರಾಣಿಕೋಶ ಗುರುತಿಸುವುದನ್ನು ಚೆನ್ನಾಗಿ ಕಲಿಸುತ್ತವೆ. ಯಾವ ವಾರ ಯಾವ ಪೆಟ್ಟಿಗೆಯನ್ನು ಮುಟ್ಟದೆ ಬಿಡಬಹುದು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕು.