ಮಿಠಿ ನದಿ ಮತ್ತು ಯೋಜನೆಯ ಲೆಕ್ಕ

ಮುಂಬಯಿಯ ಮಳೆನೀರು ಚರಂಡಿಗಳ ಸುಧಾರಣೆಗಾಗಿ 1993ರಲ್ಲಿ ಸಿದ್ಧವಾದ 'ಬ್ರಿಮ್‌ಸ್ಟೋವಾಡ್' ವರದಿಯನ್ನು ನಾವು ಅಲ್ಲಗಳೆಯುವುದಿಲ್ಲ. ಗಂಟೆಗೆ 25 ಮಿಲಿಮೀಟರ್ ಮಳೆಯನ್ನಷ್ಟೇ ತಾಳಬಲ್ಲ ಹಳೆಯ ಚರಂಡಿಗಳನ್ನು 50ಕ್ಕೆ ಏರಿಸಬೇಕೆಂದದ್ದು ಸರಿಯೇ. ಸಮುದ್ರದ ಭರತದ ವೇಳೆ ನೀರೆತ್ತಲು ಪಂಪುಗಳು ಬೇಕೆಂದದ್ದೂ ಸರಿಯೇ. ಆದರೆ ಹನ್ನೆರಡು ವರ್ಷ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು; ಕುರ್ಲಾ, ಕಲೀನಾಗಳು ಮುಳುಗಿದವು.

ನಮ್ಮ ಆಕ್ಷೇಪ ವಿಳಂಬದ ಮೇಲಷ್ಟೇ ಅಲ್ಲ, ದೃಷ್ಟಿಯ ಮೇಲೆ. ವಿಹಾರ ಕೆರೆಯಿಂದ ಮಾಹಿಮ್ ಖಾರಿಯವರೆಗೆ ಹರಿಯುವ ಮಿಠಿಯನ್ನು ನಗರವು ನದಿಯೆಂದು ಕಾಣದೆ ಗಟಾರವೆಂದೇ ಕಂಡಿತು. ವಿಮಾನ ನಿಲ್ದಾಣಕ್ಕಾಗಿ ಅದರ ಪಾತ್ರವನ್ನೇ ತಿರುಗಿಸಿದರು. ನೀರು ಹರಡಿಕೊಳ್ಳುತ್ತಿದ್ದ ಜೌಗಿನ ಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣ ಎದ್ದಿತು. ಪ್ರಳಯದ ಬಳಿಕ ದಡಕ್ಕೆ ಗೋಡೆ ಕಟ್ಟಿದರು. ಗೋಡೆ ನದಿಯನ್ನು ತಡೆದೀತು. ಅದರ ಹಿಂದಿನ ಬೀದಿಯ ನೀರು ಎಲ್ಲಿಗೆ ಹೋಗಬೇಕು?

ಇದನ್ನು ಬಲ್ಲವರು ದಡದ ಚಾಳುಗಳ ನಿವಾಸಿಗಳು. ಎಷ್ಟನೆಯ ಮೆಟ್ಟಿಲಿನವರೆಗೆ ನೀರು ಬಂದಿತ್ತೆಂದು ಅವರು ಬೆರಳು ತೋರಿಸಿ ಹೇಳಬಲ್ಲರು. ಆ ಗುರುತುಗಳನ್ನು ನಕಾಶೆಗೆ ಇಳಿಸದ ಯಾವ ಯೋಜನೆಯೂ ಅಪೂರ್ಣವೇ. ಕೆರೆಯ ಕೋಡಿಗೆ ಅಡ್ಡವಾಗಿ ಮನೆ ಕಟ್ಟಬಾರದೆಂಬುದು ನಮ್ಮ ಊರುಗಳ ಹಿರಿಯರಿಗೆ ತಿಳಿದಿತ್ತು. ನಾವೂ ಈ ನಗರದ ತೆರಿಗೆದಾರರೇ. ವಾರ್ಡ್ ಕಚೇರಿಗೆ ಹೋಗಿ ಈ ಮಾತನ್ನು ಕೇಳೋಣ.