ಕೈಗೆ ಸಿಗದ ಆಟ

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಕೈಯನ್ನೇ ಒಂದು ಗಳಿಗೆ ನೋಡಿ. ಗಿರಗಿರ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಒತ್ತಡ ತುಸು ಹೆಚ್ಚಾದರೂ ಕಣ್ಣಿಗೆ ಆಗಲೇ ಗೊತ್ತಾಗುತ್ತದೆ, ಕೈ ಆಗಲೇ ತಿದ್ದಿಕೊಳ್ಳುತ್ತದೆ. ಒಳ್ಳೆಯ ಗೇಮ್ ಆಡುವ ಸುಖವೂ ಇಂಥದ್ದೇ.

ಆದರೆ ಕ್ಲೌಡ್ ಗೇಮಿಂಗ್‌ನಲ್ಲಿ ಆಟ ನಡೆಯುವುದು ಕೈಯ ಬಳಿಯಲ್ಲ, ದೂರದ ಡೇಟಾ ಸೆಂಟರ್‌ನಲ್ಲಿ. ನಾವು ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಬೇಕು, ಚಿತ್ರ ವಿಡಿಯೊ ಆಗಿ ಮರಳಬೇಕು. ದುಬಾರಿ ಕಂಪ್ಯೂಟರ್ ಕೊಳ್ಳಲಾಗದ ಮನೆಗೂ ದೊಡ್ಡ ಆಟಗಳನ್ನು ತರುತ್ತದೆಂದೇ ನನಗೆ ಇದರ ಮೇಲೆ ಅಕ್ಕರೆ. ಇಂಥದ್ದೊಂದು ಸೇವೆಯಾದ ಜಿಫೋರ್ಸ್ ನೌ 1080ಪಿ ಚಿತ್ರಕ್ಕೆ ಕೇಳುವುದು 25 ಎಂಬಿಪಿಎಸ್ ವೇಗ, ಜೊತೆಗೆ 80 ಮಿಲಿಸೆಕೆಂಡಿಗಿಂತ ಕಡಿಮೆ ಪಿಂಗ್, ಅಂದರೆ ಸುದ್ದಿ ಹೋಗಿಬರಲು ಹಿಡಿಯುವ ಹೊತ್ತು. ಜನ ಮೊದಲನೆಯದನ್ನು ನೋಡಿ ಪ್ಲಾನ್ ಹಾಕಿಸುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ರಾಮನಗರದ ಐಜೂರಿನಲ್ಲಿ ಗೆಳೆಯರೊಬ್ಬರ ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಆದರೂ ರೇಸಿಂಗ್ ಆಟದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರು ಗೋಡೆಗೆ ಬಡಿದ ಮೇಲೆ ನಿಲ್ಲುತ್ತಿತ್ತು. ರೂಟರ್ ಇದ್ದದ್ದು ಹಾಲ್‌ನಲ್ಲಿ, ವೈಫೈನಲ್ಲಿ ಆಟ ನಡೆದದ್ದು ಎರಡು ಗೋಡೆಯಾಚೆಯ ಕೋಣೆಯಲ್ಲಿ. ಪಿಂಗ್ ನೋಡಿದೆವು: 9, 12, 95, 10, 140 ಮಿಲಿಸೆಕೆಂಡ್. ಲ್ಯಾನ್ ಕೇಬಲ್ ಎಳೆದು ಸಿಕ್ಕಿಸಿದ ಮೇಲೆ ಅಂಕಿಗಳು ಕದಲಲಿಲ್ಲ, ಕಾರೂ ಹೇಳಿದಂತೆ ಕೇಳಿತು. ಅಷ್ಟರಲ್ಲಿ ಮನೆಯವರು ಮದುವೆಯ ವಿಡಿಯೊ ಅಪ್‌ಲೋಡ್‌ಗೆ ಹಾಕಿದರು, ಪಿಂಗ್ ಮತ್ತೆ ಏರಿತು. ನಮ್ಮ ಗುಂಡಿಯ ಸುದ್ದಿ ಆ ವಿಡಿಯೊ ಹಿಂದೆ ಸಾಲಿನಲ್ಲಿ ನಿಂತಿತ್ತು.

ದೂರವನ್ನು ದೂರುವಂತಿಲ್ಲ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಸರ್ವರ್ ಸಾವಿರ ಕಿ.ಮೀ. ಆಚೆಗಿದ್ದರೂ ಹೋಗಿಬರಲು ಹತ್ತು ಮಿಲಿಸೆಕೆಂಡ್ ಸಾಕು. ತೊಡಕು ಹೆಚ್ಚಾಗಿ ಇರುವುದು ಮನೆಯೊಳಗಿನ ಕೊನೆಯ ಕೆಲವು ಮಾರಿನಲ್ಲಿ.

ಕನಕಪುರ, ಮಾಗಡಿ ಸೀಮೆಯಲ್ಲಿ ಫೈಬರ್ ತಲುಪದ ಹಳ್ಳಿಮನೆಯ ಕಷ್ಟ ಬೇರೆ. ಬಂಡೆ, ಬೆಟ್ಟ ಅಡ್ಡಬಂದ ಕಡೆ ಟವರ್ ಸಿಗ್ನಲ್ ಕುಗ್ಗುತ್ತದೆ. ಸಿಕ್ಕರೂ ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಲಾನ್ 25 ಎಂಬಿಪಿಎಸ್‌ನ ಆಟಕ್ಕೆ ಎಂಟೇ ನಿಮಿಷದಲ್ಲಿ ಮುಗಿಯುತ್ತದೆ. 512 ಕೆಬಿಪಿಎಸ್ ಇದ್ದ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು ಸರ್ಕಾರ 2023ರಲ್ಲಿ 2 ಎಂಬಿಪಿಎಸ್‌ಗೆ ಏರಿಸಿತು. ಆಟಕ್ಕೆ ಬೇಕಾದ್ದು ಅದರ ಹನ್ನೆರಡು ಪಟ್ಟಿಗೂ ಹೆಚ್ಚು. ಅಲ್ಲಿನ ಮಕ್ಕಳಿಗೆ ಸದ್ಯ ಡೌನ್‌ಲೋಡ್ ಮಾಡಿಕೊಂಡು ಆಡುವ ಆಟವೇ ಸರಿ.

ಫೈಬರ್ ಇರುವವರು ಹೊಸ ಪ್ಲಾನ್‌ಗೆ ದುಡ್ಡು ಸುರಿಯುವ ಮೊದಲು ಒಂದು ಕೇಬಲ್ ತನ್ನಿ. ಕನೆಕ್ಷನ್ ಕೊಡಲು ಬಂದವರನ್ನು, ಎಲ್ಲರೂ ನೆಟ್ ಬಳಸುವ ರಾತ್ರಿ ಒಂಬತ್ತಕ್ಕೆ ಪಿಂಗ್ ಎಷ್ಟಿರುತ್ತದೆಂದು ಕೇಳಿ, ಅದೇ ಹೊತ್ತಿಗೆ ನೀವೇ ಅಳೆದು ನೋಡಿ.