ಅಳತೆಯ ಎತ್ತರ, ನಟನ ಎತ್ತರ

ಮೈಸೂರು ದಸರಾ ಮೆರವಣಿಗೆಯ ಗಾರುಡಿ ಗೊಂಬೆಯ ಎತ್ತರ ಬಿದಿರಿನ ಹಂದರದ್ದು. ಕುಣಿತ ಮುಗಿದೊಡನೆ ಒಳಗಿನ ಕಲಾವಿದ ಅದನ್ನು ಇಳಿಸಿಟ್ಟು ಎಲ್ಲರಂತೆ ಮನೆಗೆ ನಡೆಯುತ್ತಾನೆ. ಓಲ್ಡ್ ರಾಜಿಂದರ್ ನಗರದ ಕನ್ನಡಿಗರು ವಿಜಯದಶಮಿಯಂದು ದೆಹಲಿಯ ಮೈದಾನಗಳಲ್ಲಿ ಕಾಣುವ ರಾವಣನೂ ಬಿದಿರು ಕಾಗದಗಳಿಂದ ಬೆಳೆದವನೇ. ಒಂದು ಸಂಜೆಯ ಬೆಂಕಿಗೆ ಅವನ ಎತ್ತರ ಮುಗಿಯುತ್ತದೆ. ಆದರೆ ಎತ್ತರವೆಂಬುದು ಕಳಚಲಾಗದ ವೇಷವಾದಾಗ ನಟನ ಗತಿಯೇನು? ಅಮೆರಿಕದ ಜ್ಯಾಕ್ ಅರ್ಲ್‌ನ ವೃತ್ತಿಜೀವನವನ್ನು ಪರಿಶೀಲಿಸಬೇಕಾದುದು ಈ ಪ್ರಶ್ನೆಯಿಂದ.

1906ರಲ್ಲಿ ಡೆನ್ವರಿನಲ್ಲಿ ಹುಟ್ಟಿ ಟೆಕ್ಸಾಸಿನ ಎಲ್ ಪ್ಯಾಸೊದಲ್ಲಿ ಬೆಳೆದ ಈತನ ನಿಜನಾಮ ಜೇಕಬ್ ಎರ್ಲಿಕ್. ಹರೆಯದಲ್ಲಿಯೇ ಹಾಲಿವುಡ್ಡಿನ ಮೂಕಿ ಹಾಸ್ಯಚಿತ್ರಗಳನ್ನು ಸೇರಿ, 1924ರ ‘ಜ್ಯಾಕ್ ಅಂಡ್ ದಿ ಬೀನ್‌ಸ್ಟಾಕ್’ನಲ್ಲಿ ಬಾಲನಟಿ ಬೇಬಿ ಪೆಗ್ಗಿಯೆದುರು ದೈತ್ಯನಾದನು. ಬಳಿಕ ಚಿತ್ರೀಕರಣದ ಅಟ್ಟಣೆಯಿಂದ ಬಿದ್ದು, ದೃಷ್ಟಿ ಕಳೆದುಕೊಂಡನು. ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಿರುವುದು ಆಗ ತಿಳಿದುಬಂತು. ಎತ್ತರವನ್ನಿತ್ತ ಗ್ರಂಥಿಯೇ ಕಣ್ಣಿಗೂ ಮುಳುವಾಗಿದ್ದಿತು. ಎಕ್ಸ್-ರೇ ಚಿಕಿತ್ಸೆಯಿಂದ ದೃಷ್ಟಿ ಮರಳಿತು.

ಅನಂತರ ಆತನಿಗೆ ಜೀವನೋಪಾಯವಾದುದು ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ಸಿನ ಮುಖ್ಯ ಡೇರೆಯ ಪಕ್ಕದಲ್ಲಿ, ವಿಲಕ್ಷಣ ದೇಹದವರನ್ನು ಕಾಸು ಪಡೆದು ತೋರಿಸುತ್ತಿದ್ದ ಡೇರೆ. ಅಲ್ಲಿ ಸುಮಾರು 14 ವರ್ಷ ಕಳೆದನು. ಜಾಹೀರಾತುಗಳು ಆತನ ಎತ್ತರ ಎಂಟೂವರೆ ಅಡಿಗೂ ಮಿಗಿಲೆಂದು ಸಾರಿದುವು. ನಿಜವಾದ ಅಳತೆ ಅದಕ್ಕಿಂತ ಸುಮಾರು ಒಂದಡಿ ಕಡಿಮೆ. ಪ್ರಕೃತಿ ಕೊಟ್ಟ ಎತ್ತರವೂ ವ್ಯಾಪಾರಕ್ಕೆ ಸಾಲದಾಯಿತು.

ಈ ಎರಡು ಘಟ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಚಿತ್ರದ ದೈತ್ಯ ಎಷ್ಟೇ ಸ್ಥೂಲವಾದ ಪಾತ್ರವಾದರೂ ಅವನಿಗೆ ಕೋಪವುಂಟು, ಆಸೆಯುಂಟು, ಚಿಕ್ಕ ಹುಡುಗನಿಗೆ ಸೋಲುವ ದಡ್ಡತನವುಂಟು. ಇವನ್ನು ಅಭಿನಯಿಸಿ ತೋರಿಸಬೇಕು. ಡೇರೆಯಲ್ಲಾದರೋ ನಿಂತಿದ್ದರೆ ಸಾಕು. ಪಕ್ಕದಲ್ಲಿ ಕುಳ್ಳ ದೇಹದ ಕಲಾವಿದರು ನಿಂತರೆ ಪ್ರದರ್ಶನ ಪೂರ್ಣವಾಯಿತು. ಆ ಡೇರೆ ಅರ್ಲ್‌ಗೆ ಅನ್ನವನ್ನೂ ಸಂಗಾತಿಗಳನ್ನೂ ಕೊಟ್ಟಿತೆಂಬುದು ದಿಟ. ಆದರೆ ನಟನಾಗಿ ಬೆಳೆಯಲು ಬೇಕಾದ ಪಾತ್ರವನ್ನು ಕೊಡಲಿಲ್ಲ.

ಸರ್ಕಸ್ಸನ್ನು ಬಿಟ್ಟ ಮೇಲೆ ಅರ್ಲ್ ದ್ರಾಕ್ಷಾರಸದ ಕಂಪೆನಿಯೊಂದರ ಮಾರಾಟಗಾರನಾದನು. ಶಿಲ್ಪದಲ್ಲಿ, ಚಿತ್ರಕಲೆಯಲ್ಲಿ ಕೈಯಾಡಿಸಿದನು. ‘ದಿ ಲಾಂಗ್ ಷ್ಯಾಡೋಸ್’ ಎಂಬ ಕವನಸಂಗ್ರಹವನ್ನೂ ತಂದನು. 1952ರಲ್ಲಿ ತೀರಿಕೊಂಡನು. ಆತನನ್ನು ನೆನೆಯುವವರು ಸಾಮಾನ್ಯವಾಗಿ ಅಡಿ ಅಂಗುಲಗಳಿಂದ ತೊಡಗುತ್ತಾರೆ. ವಿಮರ್ಶೆ ಮೊದಲು ನೋಡಬೇಕಾದುದು ಆತ ಸ್ವಂತ ಇಚ್ಛೆಯಿಂದ ಮಾಡಿದ ಈ ಕೆಲಸಗಳನ್ನು. ಅಚ್ಚಾದ ಕವನವನ್ನು ಓದುವವನಿಗೆ ಕವಿಯ ಎತ್ತರ ಕಾಣುವುದಿಲ್ಲ. ಗೊಂಬೆಯ ಕಲಾವಿದ ಕುಣಿತದ ಕೊನೆಗೆ ಇಳಿಸುವ ಭಾರವನ್ನು ಅರ್ಲ್ ಇಳಿಸಲು ಸಾಧ್ಯವಾದುದು ಅಲ್ಲಿಯೇ.